ಹಲವು ಸರ್ವರ್, ಒಂದೇ ಫೋಲ್ಡರ್: ಯಾವ ದಾರಿ ಯಾರಿಗೆ ಸರಿ?

ಮೊದಲ ಸರ್ವರ್ ತುಂಬಿತು. ಎರಡನೆಯದು ಬಂತು. ಒಂದಿಷ್ಟು ಫೋಲ್ಡರ್ ಅಲ್ಲಿ ಉಳಿಯಿತು, ಒಂದಿಷ್ಟು ಇಲ್ಲಿಗೆ ಬಂತು. ಆಮೇಲೆ ಇನ್ನೊಂದು ಕಟ್ಟಡದಲ್ಲಿ ಕೆಲಸ ಶುರುವಾಗಿ ಅಲ್ಲಿಗೂ ಒಂದು ಸರ್ವರ್ ಹೋಯಿತು. ಈಗ ದಿನಕ್ಕೆ ಹತ್ತು ಸಲ ಒಂದೇ ಮಾತು: "ಆ ಫೈಲ್ ಯಾವ ಸರ್ವರ್‌ನಲ್ಲಿದೆ?" ಅದಕ್ಕಿಂತ ಕೆಟ್ಟದ್ದು ಅಂದ್ರೆ, ಎರಡೂ ಕಡೆ ಅದೇ ಹೆಸರಿನ ಫೈಲ್ ಇರುತ್ತದೆ, ಯಾವುದು ಸರಿಯಾದದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಈ ಹಂತಕ್ಕೆ ಬಂದವರು ಸಾಮಾನ್ಯವಾಗಿ "ಯಾವ ಸಾಫ್ಟ್‌ವೇರ್ ಹಾಕೋಣ?" ಅಂತ ಕೇಳುತ್ತಾರೆ. ಅದಕ್ಕೂ ಮುಂಚೆ ಕೂತು ಯೋಚಿಸಬೇಕಾದ ಪ್ರಶ್ನೆ ಇನ್ನೊಂದಿದೆ. ಒಂದೇ ಫೈಲನ್ನು ಇಬ್ಬರು, ಎರಡು ಕಡೆಯಿಂದ, ಒಂದೇ ಹೊತ್ತಿಗೆ ತೆರೆದು ಇಬ್ಬರೂ ಸೇವ್ ಒತ್ತಿದರೆ ಏನಾಗಬೇಕು? ನಡುವಿನ ಕೇಬಲ್ ಕಡಿದುಹೋದರೆ ಯಾರು ಕೆಲಸ ನಿಲ್ಲಿಸಿ ಕಾಯಬೇಕು?

ಇದಕ್ಕೆ ಇರುವುದು ಮೂರೇ ಉತ್ತರ. ಫೈಲ್ ಒಂದೇ ಕಡೆ ಇರಲಿ, ಎಲ್ಲರೂ ಅಲ್ಲಿಗೇ ಬರಲಿ, ಮೊದಲು ತೆರೆದವರಿಗೆ ಬೀಗ ಸಿಗಲಿ (ಅವರು ಮುಚ್ಚುವವರೆಗೆ ಬೇರೆಯವರು ಬರೆಯುವಂತಿಲ್ಲ) ಎನ್ನುವುದು ಒಂದು. ಪ್ರತಿ ಕಡೆಗೂ ಒಂದೊಂದು ಪ್ರತಿ ಇರಲಿ, ಆಮೇಲೆ ಹೊಂದಿಸಿಕೊಳ್ಳೋಣ ಎನ್ನುವುದು ಇನ್ನೊಂದು. ಹಲವು ಯಂತ್ರಗಳು ಸೇರಿ ಒಂದೇ ಯಂತ್ರದಂತೆ ನಡೆಯಲಿ, ಪ್ರತಿಯೊಂದು ಬರಹಕ್ಕೂ ಅವೆಲ್ಲ ಒಪ್ಪಿಗೆ ಕೊಡಲಿ ಎನ್ನುವುದು ಮೂರನೆಯದು. ಮಾರುಕಟ್ಟೆಯಲ್ಲಿ ಎಷ್ಟೇ ಹೆಸರು ಕೇಳಿಬಂದರೂ ಹೆಚ್ಚುಕಮ್ಮಿ ಎಲ್ಲವೂ ಈ ಮೂರು ಮನೆಗಳಲ್ಲಿ ಒಂದಕ್ಕೆ ಸೇರಿದ್ದೇ. ನಿಮ್ಮ ಮನೆ ಯಾವುದು ಅಂತ ಗೊತ್ತಾದರೆ ಸಾಫ್ಟ್‌ವೇರ್ ಆರಿಸುವುದು ಒಂದು ಮಧ್ಯಾಹ್ನದ ಕೆಲಸ.

ಮೂರರಲ್ಲೂ ಒಳ್ಳೆಯದನ್ನೇ ಆರಿಸಿ ಒಂದೇ ಕಡೆ ಸೇರಿಸಿಕೊಳ್ಳೋಣ ಅನ್ನಿಸುವುದು ಸಹಜ. ಅದು ಆಗದು. ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ರಲ್ಲಿ ಇದನ್ನು ಒಂದು ಊಹೆಯಾಗಿ ಮುಂದಿಟ್ಟರು. 2002ರಲ್ಲಿ ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಸಾಬೀತು ಮಾಡಿದರು. ನೆಟ್‌ವರ್ಕ್ ಎರಡು ಹೋಳಾದಾಗ ಎರಡೂ ಕಡೆ ಕೆಲಸ ಮುಂದುವರಿಯಬೇಕಾದರೆ ಮಾಹಿತಿ ಬೇರೆಬೇರೆಯಾಗುತ್ತದೆ. ಮಾಹಿತಿ ಒಂದೇ ಇರಬೇಕಾದರೆ ಒಂದು ಕಡೆಯವರು ನಿಲ್ಲಬೇಕು. ಯಾವ ಕಂಪನಿಯ ಪೆಟ್ಟಿಗೆ ತಂದರೂ ಇದರಿಂದ ತಪ್ಪಿಸಿಕೊಳ್ಳಲಾಗದು.

ನಾನು ಇದನ್ನು ಕಲಿತದ್ದು ಬೇರೆಯವರ ಕೆಲಸ ಹಾಳು ಮಾಡಿ. ಎರಡು ಕಚೇರಿಗಳ ನಡುವೆ ಎರಡೂ ದಿಕ್ಕಿನ ಸಿಂಕ್ ಹಾಕಿದ್ದೆ, ಅಂದರೆ ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆಗೂ ತಾನಾಗಿ ನಕಲಾಗುವ ವ್ಯವಸ್ಥೆ. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಒಂದು ದಿನ ಇಬ್ಬರು ಒಂದೇ ಲೆಕ್ಕದ ಹಾಳೆಯನ್ನು ತಮ್ಮತಮ್ಮ ಕಡೆ ತೆರೆದರು. ಒಬ್ಬರು ಬೆಳಗ್ಗೆಯಿಂದ ಕೂತು ನೂರಾರು ಸಾಲು ತುಂಬಿ ನಾಲ್ಕು ಗಂಟೆಗೆ ಸೇವ್ ಮಾಡಿದರು. ಇನ್ನೊಬ್ಬರು ಒಂದೇ ಒಂದು ಅಂಕಿ ತಿದ್ದಿ ನಾಲ್ಕೂ ಐದಕ್ಕೆ ಸೇವ್ ಮಾಡಿದರು. ಕೊನೆಗೆ ಬರೆದವರದ್ದೇ ಉಳಿಯಬೇಕು ಅನ್ನುವುದು ಆ ಸಿಂಕ್‌ನ ನಿಯಮ. ನೂರಾರು ಸಾಲು ಹೋಯಿತು, ಒಂದು ಅಂಕಿ ಉಳಿಯಿತು. ಎಲ್ಲೂ ಒಂದು ಎಚ್ಚರಿಕೆ ಕಾಣಿಸಲಿಲ್ಲ. ಸೋತ ಪ್ರತಿಯನ್ನು ಸಾಫ್ಟ್‌ವೇರ್ ಒಂದು ಮೂಲೆಯ ಫೋಲ್ಡರ್‌ನಲ್ಲಿ ಎತ್ತಿಟ್ಟಿತ್ತು, ಅದು ಸಿಕ್ಕಿತು. ಆದರೆ ಆ ಮೂಲೆಗೂ ಒಂದು ಮಿತಿ ಇತ್ತು. ತುಂಬಿದರೆ ಹಳೆಯದು ತಾನಾಗಿ ಅಳಿಸಿಹೋಗುತ್ತಿತ್ತು. ಒಂದು ವಾರ ಬಿಟ್ಟು ಹುಡುಕಿದ್ದರೆ ಬರಿಗೈಯೇ. ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ಬೀಗ ಬೇಕಾದ ಜಾಗಕ್ಕೆ ನಾನು ಸಿಂಕ್ ಹಾಕಿದ್ದೆ.

ಒಂದೇ ಕಡೆ ಇಡುವುದು: ಎನ್‌ಎಫ್‌ಎಸ್ ಮತ್ತು ಎಸ್‌ಎಂಬಿ

ಎಲ್ಲರೂ ಒಂದೇ ಕಟ್ಟಡದಲ್ಲಿದ್ದರೆ, ಒಂದು ಗಟ್ಟಿಯಾದ ಸರ್ವರ್ ಸಾಕಾಗುವಂತಿದ್ದರೆ, ಇಲ್ಲಿಗೇ ನಿಲ್ಲಿ. ಇದು ಹಳೆಯ ದಾರಿ ಅಂತ ಹಿಂಜರಿಯಬೇಡಿ. ಬೀಗ ಸರಿಯಾಗಿ ಕೆಲಸ ಮಾಡುತ್ತದೆ, ಏನಾದರೂ ಕೆಟ್ಟರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ.

ಸರ್ವರ್‌ನಲ್ಲಿರುವ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರಗಳು ಬಳಸಲು ಇರುವ ಎರಡು ಭಾಷೆಗಳು ಎನ್‌ಎಫ್‌ಎಸ್ ಮತ್ತು ಎಸ್‌ಎಂಬಿ. ಎನ್‌ಎಫ್‌ಎಸ್ 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿತು. ಎಸ್‌ಎಂಬಿಯ ಬೇರು ಅದೇ ದಶಕದ ಐಬಿಎಂನಲ್ಲಿದೆ, ಬೆಳೆದದ್ದು ವಿಂಡೋಸ್ ಜೊತೆ. ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಶುರು ಮಾಡಿದ ಸಾಂಬಾ ಅನ್ನುವ ಸಾಫ್ಟ್‌ವೇರ್‌ನಿಂದಾಗಿ ಲಿನಕ್ಸ್ ಯಂತ್ರವೂ ಎಸ್‌ಎಂಬಿ ಸರ್ವರ್ ಆಗಬಲ್ಲದು. ಬಳಸುವ ಯಂತ್ರಗಳೆಲ್ಲ ಲಿನಕ್ಸ್ ಆಗಿದ್ದರೆ ಎನ್‌ಎಫ್‌ಎಸ್. ವಿಂಡೋಸ್ ಇದ್ದರೆ ಎಸ್‌ಎಂಬಿ. ಎರಡೂ ಬೆರೆತಿದ್ದರೆ ನನ್ನ ಮತ ಎಸ್‌ಎಂಬಿಗೆ. ಒಂದೇ ಫೋಲ್ಡರನ್ನು ಎರಡೂ ದಾರಿಯಲ್ಲಿ ಬಿಚ್ಚಿಡಲು ಆಗುತ್ತದೆ ನಿಜ. ಆದರೆ ಒಂದು ದಾರಿಯಲ್ಲಿ ಹಾಕಿದ ಬೀಗ ಇನ್ನೊಂದು ದಾರಿಯವರಿಗೆ ಯಾವಾಗಲೂ ಸರಿಯಾಗಿ ಕಾಣುತ್ತದೆ ಅನ್ನುವ ಭರವಸೆ ಇಲ್ಲ. ಜೊತೆಗೆ ಅನುಮತಿಗಳ ಲೆಕ್ಕ ಎರಡರಲ್ಲೂ ಬೇರೆ. ಒಂದನ್ನೇ ಹಿಡಿಯಿರಿ.

ಎನ್‌ಎಫ್‌ಎಸ್ ಆರಿಸಿದರೆ 4ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಬಳಸಿ. 3ನೇ ಆವೃತ್ತಿಯಲ್ಲಿ ಬೀಗಕ್ಕೆ, ಮೌಂಟ್‌ಗೆ (ಸರ್ವರ್‌ನ ಫೋಲ್ಡರನ್ನು ನಮ್ಮ ಯಂತ್ರಕ್ಕೆ ಜೋಡಿಸುವುದಕ್ಕೆ) ಬೇರೆಬೇರೆ ಸೇವೆಗಳು, ಬೇರೆಬೇರೆ ಪೋರ್ಟುಗಳು. ಫೈರ್‌ವಾಲ್ ಬರೆಯುವವರಿಗೆ ತಲೆನೋವು. 4ರಲ್ಲಿ ಬೀಗ ಒಳಗೇ ಇದೆ, 2049 ಎನ್ನುವ ಒಂದೇ ಟಿಸಿಪಿ ಪೋರ್ಟ್ ತೆರೆದರೆ ಸಾಕು.

ಎನ್‌ಎಫ್‌ಎಸ್‌ನಲ್ಲಿ ಜಾಸ್ತಿ ಜನ ಎಡವುವುದು ನಂಬಿಕೆಯ ವಿಚಾರದಲ್ಲಿ. ಮಾಮೂಲಿ ಜೋಡಣೆಯಲ್ಲಿ ಸರ್ವರ್ ಹೆಸರನ್ನೂ ನೋಡುವುದಿಲ್ಲ, ಪಾಸ್‌ವರ್ಡನ್ನೂ ಕೇಳುವುದಿಲ್ಲ. ಬಂದ ಯಂತ್ರ "ನಾನು ಬಳಕೆದಾರ ಸಂಖ್ಯೆ 1001" ಅಂದರೆ ಹೌದು ಅಂತ ಒಪ್ಪಿಕೊಳ್ಳುತ್ತದೆ. ಒಂದು ಯಂತ್ರದಲ್ಲಿ 1001 ಅಂದರೆ ಲೆಕ್ಕಪತ್ರ ನೋಡುವವರು, ಇನ್ನೊಂದರಲ್ಲಿ 1001 ಅಂದರೆ ನಿನ್ನೆ ಸೇರಿದ ಹುಡುಗ. ಸರ್ವರ್ ಕಣ್ಣಿಗೆ ಇಬ್ಬರೂ ಒಬ್ಬರೇ. ಆದ್ದರಿಂದ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಬಳಕೆದಾರರ ಪಟ್ಟಿ ಬರಬೇಕು, ಎಲ್‌ಡ್ಯಾಪ್ ಆದರೂ ಸರಿ, ಬೇರೆ ಆದರೂ ಸರಿ. ಗುಟ್ಟಿನ ಮಾಹಿತಿ ಇದ್ದರೆ, ಬಂದವರು ನಿಜವಾಗಿ ಯಾರು ಅಂತ ಪರೀಕ್ಷಿಸುವ ಕೆರ್ಬೆರೋಸ್ ಹಾಕಲೇಬೇಕು. ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನನ್ನು ಅನಾಮಿಕನನ್ನಾಗಿ ಮಾಡುವ ರೂಟ್ ಸ್ಕ್ವಾಶ್ ತಾನಾಗಿಯೇ ಚಾಲೂ ಇರುತ್ತದೆ. "ಪರ್ಮಿಷನ್ ಡಿನೈಡ್ ಬರ್ತಿದೆ" ಅಂತ ಅದನ್ನು ಬಂದ್ ಮಾಡಿಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತೊಂದರೆ ಬಳಕೆದಾರ ಸಂಖ್ಯೆಯಲ್ಲಿರುತ್ತದೆ, ಅಲ್ಲೇ ಸರಿಮಾಡಿ.

ಇನ್ನೊಂದು ಹಾರ್ಡ್ ಮೌಂಟ್, ಸಾಫ್ಟ್ ಮೌಂಟ್ ಆಯ್ಕೆ. ಹಾರ್ಡ್ ಇದ್ದಾಗ ಸರ್ವರ್ ಬಿದ್ದರೆ ಅದನ್ನು ಮುಟ್ಟಿದ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡಲು ಡಿಎಫ್ ಕಮಾಂಡ್ ಕೊಟ್ಟರೂ ಟರ್ಮಿನಲ್ ಕಲ್ಲಿನ ಹಾಗೆ ಕೂರುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿ ಆಗುತ್ತದೆ, ಅಲ್ವಾ? ಆದರೆ ಸರ್ವರ್ ಮತ್ತೆ ಎದ್ದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸಾಫ್ಟ್ ಆದರೆ ಸ್ವಲ್ಪ ಹೊತ್ತು ಕಾದು ದೋಷ ಹೇಳಿ ಬಿಟ್ಟುಬಿಡುತ್ತದೆ. ಎಷ್ಟೋ ಪ್ರೋಗ್ರಾಂಗಳು ಆ ದೋಷವನ್ನು ಗಮನಿಸುವುದೇ ಇಲ್ಲ, ಅರ್ಧ ಬರೆದ ಫೈಲ್ ಉಳಿದುಬಿಡುತ್ತದೆ. ಬರೆಯುವ ಜಾಗಕ್ಕೆ ಹಾರ್ಡ್, ಬರೀ ಓದುವ ಜಾಗಕ್ಕೆ ಮಾತ್ರ ಸಾಫ್ಟ್.

"ಅಲ್ಲಿ ಫೈಲ್ ಹಾಕಿದೆ, ಇಲ್ಲಿ ಕಾಣ್ತಿಲ್ಲ" ಅನ್ನುವ ದೂರು ಬಂದರೆ ಗಾಬರಿಯಾಗಬೇಡಿ. ಲಿನಕ್ಸ್‌ನಲ್ಲಿ ಎನ್‌ಎಫ್‌ಎಸ್ ಬಳಸುವ ಯಂತ್ರ ಫೈಲಿನ ವಿವರಗಳನ್ನು 3ರಿಂದ 60 ಸೆಕೆಂಡ್, ಫೋಲ್ಡರಿನ ವಿವರಗಳನ್ನು 30ರಿಂದ 60 ಸೆಕೆಂಡ್ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಹೊಸ ಫೈಲ್ ಕಾಣಲು ಒಂದು ನಿಮಿಷದವರೆಗೂ ಹಿಡಿಯಬಹುದು. ಒಂದು ಯಂತ್ರ ಫೈಲ್ ಹಾಕಿ ಇನ್ನೊಂದು ತಕ್ಷಣ ಎತ್ತಿಕೊಳ್ಳುವಂಥ ಕೆಲಸವಿದ್ದರೆ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಸ್‌ಎಂಬಿಯಲ್ಲಿ ಹೇಳಬೇಕಾದದ್ದು ಕಡಿಮೆ. ಬಳಕೆದಾರರು ಯಾರು ಅಂತ ಅದು ಮೊದಲಿನಿಂದಲೂ ಕೇಳುತ್ತದೆ, 3ನೇ ಆವೃತ್ತಿಯಿಂದ ದಾರಿಯಲ್ಲಿ ಹೋಗುವ ಮಾಹಿತಿಯನ್ನು ಗೂಢಲಿಪಿಗೆ ಬದಲಿಸಲೂ ಬರುತ್ತದೆ. 1ನೇ ಆವೃತ್ತಿ ಎಲ್ಲಾದರೂ ಚಾಲೂ ಇದ್ದರೆ ಇವತ್ತೇ ಬಂದ್ ಮಾಡಿ. 2017ರ ಮೇ ತಿಂಗಳಲ್ಲಿ, ಫೈಲುಗಳನ್ನು ಕೆಡಿಸಿ ಹಣ ಕೇಳುವ ರಾನ್ಸಮ್‌ವೇರ್ ವನ್ನಾಕ್ರೈ ಹಬ್ಬಿದ್ದು ಅದೇ ಬಾಗಿಲಿನಿಂದ. ಹಳೆಯ ಸ್ಕ್ಯಾನರ್ ಒಂದಕ್ಕೆ ಬೇಕು ಅಂತ ಇಡೀ ಸರ್ವರ್‌ನಲ್ಲಿ ಅದನ್ನು ಉಳಿಸಿಕೊಂಡವರಿದ್ದಾರೆ. ಆ ಸ್ಕ್ಯಾನರ್‌ಗೆ ಬೇರೆ ದಾರಿ ಹುಡುಕಿ.

ಮಧ್ಯದಲ್ಲಿ ಒಂದು ಹೆಸರು ಇಡಿ

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಖರ್ಚು ಕಡಿಮೆ, ಲಾಭ ಜಾಸ್ತಿ, ಆದರೂ ಜನ ಬಿಟ್ಟುಬಿಡುತ್ತಾರೆ.

ಬಳಸುವವರಿಗೆ ಸರ್ವರ್‌ನ ಹೆಸರು ಗೊತ್ತಾಗಲೇಬಾರದು. ಅವರಿಗೆ "ಲೆಕ್ಕಪತ್ರ", "ವಿನ್ಯಾಸ", "ಫೋಟೋ" ಅನ್ನುವ ಫೋಲ್ಡರ್ ಮಾತ್ರ ಕಾಣಬೇಕು. ಲೆಕ್ಕಪತ್ರ ಒಂದನೇ ಸರ್ವರ್‌ನಲ್ಲಿದೆ, ಫೋಟೋ ಮೂರನೆಯದರಲ್ಲಿದೆ ಅನ್ನುವುದು ನಿಮ್ಮ ತಲೆನೋವು, ಅವರದ್ದಲ್ಲ. ವಿಂಡೋಸ್ ಡೊಮೇನ್‌ನಲ್ಲಿ ಇದಕ್ಕೆ ಡಿಎಫ್‌ಎಸ್ ನೇಮ್‌ಸ್ಪೇಸ್ ಇದೆ. ಲಿನಕ್ಸ್‌ನಲ್ಲಿ ಆಟೋಎಫ್‌ಎಸ್ ನಕ್ಷೆ ಬರೆದರೆ ಆಯಿತು. ಯಾರಾದರೂ ಫೋಲ್ಡರ್ ಮುಟ್ಟಿದ ಕ್ಷಣಕ್ಕೆ ಸರಿಯಾದ ಸರ್ವರ್‌ನಿಂದ ಅದು ಮೌಂಟ್ ಆಗುತ್ತದೆ, ಬಳಸದಿದ್ದಾಗ ಬಿಟ್ಟುಹೋಗುತ್ತದೆ. ಮುಂದೆ ಲೆಕ್ಕಪತ್ರವನ್ನು ಹೊಸ ಸರ್ವರ್‌ಗೆ ಸಾಗಿಸಿದರೆ ಒಂದು ಸಾಲು ಬದಲಿಸಿ ಸಾಕು. ನೂರು ಜನರ ಶಾರ್ಟ್‌ಕಟ್, ಎಕ್ಸೆಲ್ ಹಾಳೆಗಳ ಒಳಗಿನ ಕೊಂಡಿ, ಯಾವುದೋ ಕಾಲದ ಸ್ಕ್ರಿಪ್ಟ್ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಸರ್ವರ್‌ಗೆ ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ಯಂತ್ರದ ವಿಳಾಸ ಹೇಳುವ ಸೇವೆಯಲ್ಲಿ) ಬರೀ ಒಂದು ಅಡ್ಡಹೆಸರು ಇಟ್ಟರೆ ಸಾಲದೇ? ಎನ್‌ಎಫ್‌ಎಸ್‌ಗೆ ಮಾಮೂಲಿಯಾಗಿ ಸಾಕು. ವಿಂಡೋಸ್ ಡೊಮೇನ್‌ನಲ್ಲಿ ಕೆರ್ಬೆರೋಸ್ ಆ ಅಡ್ಡಹೆಸರನ್ನು ಗುರುತಿಸುವುದಿಲ್ಲ. ಸರ್ವರ್‌ನ ಖಾತೆಗೂ ಅದನ್ನು ಸೇರಿಸಬೇಕಾಗುತ್ತದೆ. ನೇಮ್‌ಸ್ಪೇಸ್ ಹಾಕುವುದೇ ಸುಲಭ.

ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಡಿಎಫ್‌ಎಸ್ ನೇಮ್‌ಸ್ಪೇಸ್ ಹಾದಿ ತೋರಿಸುತ್ತದೆ ಅಷ್ಟೇ, ಫೈಲನ್ನು ನಕಲು ಮಾಡುವುದಿಲ್ಲ. ನಕಲು ಮಾಡುವುದು ಡಿಎಫ್‌ಎಸ್ ರೆಪ್ಲಿಕೇಷನ್. ಎರಡಕ್ಕೂ ಡಿಎಫ್‌ಎಸ್ ಅನ್ನುವ ಹೆಸರು ಇರುವುದರಿಂದ ಒಂದನ್ನು ಹಾಕಿ ಇನ್ನೊಂದೂ ಬಂತು ಅಂತ ನಂಬಿಕೊಂಡವರು ಬಹಳ ಮಂದಿ.

ಪ್ರತಿ ಮಾಡುವ ದಾರಿ

ದೂರ ಬಂದಾಗ ಮೊದಲ ಮನೆ ಕೈಕೊಡುತ್ತದೆ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ 5,000 ಸಣ್ಣ ಫೈಲುಗಳಿವೆ ಅಂದುಕೊಳ್ಳಿ. ಒಂದೊಂದನ್ನು ತೆರೆದು, ಓದಿ, ಮುಚ್ಚಲು ಸರ್ವರ್ ಜೊತೆ 4 ಸಲ ಮಾತು ಆಗಬೇಕು ಅಂತ ಇಟ್ಟುಕೊಳ್ಳಿ. ಒಟ್ಟು 20,000 ಸಲ ಹೋಗಿ ಬರುವ ಪ್ರಯಾಣ. ಒಂದೇ ಕಟ್ಟಡದಲ್ಲಿ ಒಂದು ಪ್ರಯಾಣಕ್ಕೆ ಅರ್ಧ ಮಿಲಿಸೆಕೆಂಡ್ ಆದರೆ 10 ಸೆಕೆಂಡಿನಲ್ಲಿ ಮುಗಿಯುತ್ತದೆ. ದೂರದ ಕಚೇರಿಗೆ 40 ಮಿಲಿಸೆಕೆಂಡ್ ಆದರೆ 800 ಸೆಕೆಂಡ್, ಅಂದರೆ 13 ನಿಮಿಷಕ್ಕೂ ಜಾಸ್ತಿ. ಫೈಲುಗಳು ಅವೇ, ಸರ್ವರ್ ಅದೇ. ಇಂಟರ್ನೆಟ್ ವೇಗ ದುಪ್ಪಟ್ಟು ಮಾಡಿಸಿದರೂ ಈ 13 ನಿಮಿಷ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಯಾಕಂದ್ರೆ ಹೊತ್ತು ಹೋಗುತ್ತಿರುವುದು ದಾರಿ ನಡೆಯುವುದರಲ್ಲಿ, ದಾರಿಯ ಅಗಲದಲ್ಲಿ ತೊಂದರೆ ಇಲ್ಲ. ಹಾಗಾಗಿ ದೂರದ ಕಚೇರಿಗೆ ಹತ್ತಿರದಲ್ಲೇ ಒಂದು ಪ್ರತಿ ಬೇಕು.

ಇಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವ ಮಾತು ಒಂದೇ: ಸಾಧ್ಯವಾದಷ್ಟೂ ಒಂದೇ ದಿಕ್ಕಿನಲ್ಲಿ ಹರಿಸಿ. ಒಂದು ಫೋಲ್ಡರ್‌ಗೆ ಒಬ್ಬನೇ ಯಜಮಾನ. ಈ ಕಚೇರಿಯವರು ಬರೆಯುತ್ತಾರೆ, ಆ ಕಚೇರಿಯವರು ಓದುತ್ತಾರೆ. ಆ ಕಚೇರಿಯವರು ಬರೆಯಬೇಕಾದದ್ದಕ್ಕೆ ಬೇರೆ ಫೋಲ್ಡರ್ ಮಾಡಿ, ಅದು ಎದುರು ದಿಕ್ಕಿನಲ್ಲಿ ಹರಿಯಲಿ. ಹೀಗೆ ಹಂಚಿದರೆ ನಾನು ಮೊದಲು ಹೇಳಿದ ಲೆಕ್ಕದ ಹಾಳೆಯ ಕಥೆ ನಡೆಯಲು ಜಾಗವೇ ಇರುವುದಿಲ್ಲ.

ಒಂದು ದಿಕ್ಕಿಗೆ ಆರ್‌ಸಿಂಕ್‌ನಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಸಾಂಬಾ ಶುರು ಮಾಡಿದ ಟ್ರಿಡ್ಜೆಲ್ ಅವರೇ ಪಾಲ್ ಮ್ಯಾಕೆರಾಸ್ ಜೊತೆ 1996ರಲ್ಲಿ ಇದನ್ನು ಹೊರತಂದರು. ದೊಡ್ಡ ಫೈಲಿನಲ್ಲಿ ಬದಲಾದ ತುಂಡು ಮಾತ್ರ ನೆಟ್‌ವರ್ಕ್ ಮೇಲೆ ಹೋಗುತ್ತದೆ. ಇದರಲ್ಲಿ ಒಂದು ಅಪಾಯವಿದೆ, ಅದನ್ನು ಹತ್ತಿರದಿಂದ ನೋಡಿ. ಮೂಲದಲ್ಲಿ ಅಳಿಸಿದ್ದು ಪ್ರತಿಯಲ್ಲೂ ಅಳಿಯಲಿ ಅಂತ ಡಿಲೀಟ್ ಆಯ್ಕೆ ಕೊಟ್ಟಿರುತ್ತೀರಿ. ಒಂದು ರಾತ್ರಿ ಸರ್ವರ್ ಮರುಚಾಲೂ ಆಗುತ್ತದೆ, ಮೂಲದ ಡಿಸ್ಕ್ ಮೌಂಟ್ ಆಗುವುದಿಲ್ಲ. ಡಿಸ್ಕ್ ಇರಬೇಕಾದ ಜಾಗದಲ್ಲಿ ಖಾಲಿ ಫೋಲ್ಡರ್ ಇದೆ. ಎರಡು ಗಂಟೆಗೆ ಆರ್‌ಸಿಂಕ್ ಏಳುತ್ತದೆ, ಮೂಲ ಖಾಲಿ ಇದೆ ಅಂತ ನೋಡುತ್ತದೆ, ಹೇಳಿದ ಮಾತು ಪಾಲಿಸಿ ಪ್ರತಿಯನ್ನೂ ಖಾಲಿ ಮಾಡುತ್ತದೆ. ಇದನ್ನು ತಡೆಯಲು ಎರಡು ಸಾಲು ಸಾಕು. ಮೂಲದ ಡಿಸ್ಕ್ ಒಳಗೆ ಒಂದು ಗುರುತಿನ ಫೈಲ್ ಇಡಿ, ಅದು ಕಾಣದಿದ್ದರೆ ಸ್ಕ್ರಿಪ್ಟ್ ಮುಂದೆ ಹೋಗದೆ ನಿಲ್ಲಲಿ. ಮ್ಯಾಕ್ಸ್-ಡಿಲೀಟ್ ಆಯ್ಕೆ ಕೊಟ್ಟು ಒಂದು ಸಲಕ್ಕೆ ಇಷ್ಟಕ್ಕಿಂತ ಜಾಸ್ತಿ ಅಳಿಸಬಾರದು ಅಂತ ಕಟ್ಟಿಹಾಕಿ.

ವಿಂಡೋಸ್ ಕಡೆ ಡಿಎಫ್‌ಎಸ್ ರೆಪ್ಲಿಕೇಷನ್ ಇದೆ, ವಿಂಡೋಸ್ ಸರ್ವರ್ 2003 ಆರ್2 ಕಾಲದಿಂದ. ಇದೂ ಬದಲಾದ ತುಂಡನ್ನಷ್ಟೇ ಕಳಿಸುತ್ತದೆ. ತೆರೆದಿರುವ ಫೈಲನ್ನು ಮುಟ್ಟುವುದಿಲ್ಲ, ಮುಚ್ಚಿದ ಮೇಲೇ ಪ್ರಯಾಣ. ದಿನವಿಡೀ ತೆರೆದೇ ಇರುವ ಫೈಲ್ ಇದ್ದರೆ ಅದು ಆಚೆ ಕಡೆ ತಲುಪುವುದೇ ಇಲ್ಲ, ಇದು ನೆನಪಿರಲಿ. ಒಂದು ಕಡೆ ಹಾಕಿದ ಬೀಗ ಇನ್ನೊಂದು ಕಡೆಗೆ ಕಾಣುವುದಿಲ್ಲ, ಜಗಳ ಬಂದರೆ ಕೊನೆಗೆ ಬರೆದವರೇ ಗೆಲ್ಲುತ್ತಾರೆ. ಕಳಿಸುವ ಮುಂಚೆ ಫೈಲುಗಳನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ ಮೊದಲಿಗೆ 4 ಜಿಬಿ ಇರುತ್ತದೆ. ದೊಡ್ಡ ಫೈಲುಗಳಿದ್ದರೆ ಇದು ಸಾಲದೆ ಎಲ್ಲ ನಿಧಾನವಾಗುತ್ತದೆ. ಫೋಲ್ಡರ್‌ನ ಅತಿ ದೊಡ್ಡ 32 ಫೈಲುಗಳ ಗಾತ್ರ ಕೂಡಿಸಿ ಕನಿಷ್ಠ ಅಷ್ಟಾದರೂ ಇಡಿ.

ಎರಡೂ ಕಡೆಯಿಂದ ಬರೆಯಲೇಬೇಕು, ಯಂತ್ರಗಳು ಬೇರೆಬೇರೆ ಜಾತಿಯವು, ಮಧ್ಯೆ ಸರ್ವರ್ ಬೇಡ ಅನ್ನುವವರಿಗೆ ಸಿಂಕ್‌ಥಿಂಗ್ ಒಳ್ಳೆಯದು. ಇಬ್ಬರೂ ಬದಲಿಸಿದ್ದರೆ ಒಂದು ಪ್ರತಿಗೆ ಸಿಂಕ್-ಕಾನ್‌ಫ್ಲಿಕ್ಟ್ ಅಂತ ಹೆಸರಿಟ್ಟು ಅದೇ ಫೋಲ್ಡರ್‌ನಲ್ಲಿ, ಕಣ್ಣಿಗೆ ಬೀಳುವ ಹಾಗೆ ಬಿಡುತ್ತದೆ. ಇದು ನನಗೆ ತುಂಬ ಇಷ್ಟವಾದ ಗುಣ. ಗಲಾಟೆ ಆಗಿದೆ ಅಂತ ಜನರಿಗೆ ಗೊತ್ತಾಗಬೇಕು, ಮುಚ್ಚಿಡಬಾರದು.

ಹಲವು ಯಂತ್ರ ಸೇರಿ ಒಂದಾಗುವುದು

ಒಂದು ಸರ್ವರ್ ಸತ್ತರೂ ಕೆಲಸ ನಿಲ್ಲಬಾರದು, ಮಾಹಿತಿಯೂ ಒಂದೇ ಇರಬೇಕು ಅಂದರೆ ಮೂರನೇ ಮನೆ. ಇಲ್ಲಿಗೆ ಬರುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಸರ್ವರ್ ಒಂದು ಗಂಟೆ ನಿಂತರೆ ನಿಜವಾಗಿ ಏನು ನಷ್ಟ? ಜನ ಸ್ವಲ್ಪ ಹೊತ್ತು ಕಾದರೆ ಸಾಕು ಎನ್ನುವ ಉತ್ತರ ಬಂದರೆ, ಮೊದಲ ಮನೆಯ ಜೊತೆ ಒಂದು ಸಿದ್ಧ ಪ್ರತಿ ಇಟ್ಟುಕೊಳ್ಳುವುದೇ ಜಾಣತನ.

ಎರಡು ಯಂತ್ರಗಳು ಸಾಕು ಅನ್ನುವುದು ಇಲ್ಲಿನ ದೊಡ್ಡ ಬಲೆ. ಎರಡರ ನಡುವಿನ ಕೇಬಲ್ ಕಿತ್ತರೆ ಒಂದಕ್ಕೆ ಇನ್ನೊಂದು ಸತ್ತಂತೆ ಕಾಣುತ್ತದೆ. ಎರಡೂ "ಇನ್ನು ನಾನೇ ಯಜಮಾನ" ಅಂತ ಬರೆಯಲು ಶುರು ಮಾಡುತ್ತವೆ. ಇದನ್ನೇ ಸ್ಪ್ಲಿಟ್-ಬ್ರೈನ್ ಅನ್ನುವುದು. ಆಮೇಲೆ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಮನುಷ್ಯರು ಕೂತು ಒಂದೊಂದು ಫೈಲನ್ನೂ ನೋಡಬೇಕು. ಮೂರನೆಯ ಮತ ಇರಲೇಬೇಕು. ಅದು ಪೂರ್ತಿ ಸರ್ವರ್ ಆಗಬೇಕಾಗಿಲ್ಲ, ಮತ ಹಾಕಲು ಮಾತ್ರ ಇರುವ ಸಣ್ಣ ಯಂತ್ರವಾದರೂ ನಡೆಯುತ್ತದೆ.

ಸಣ್ಣ ತಂಡಗಳಿಗೆ ನಾನು ಮೊದಲು ಹೇಳುವುದು ಡಿಆರ್‌ಬಿಡಿ. ಇದು ಒಂದು ಡಿಸ್ಕನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರದ ಡಿಸ್ಕಿಗೆ ಕ್ಷಣಕ್ಷಣವೂ ಪ್ರತಿಬಿಂಬಿಸುತ್ತದೆ. 2010ರಿಂದ ಲಿನಕ್ಸ್ ಕರ್ನೆಲ್ ಒಳಗೇ ಇದೆ. ಒಂದು ಯಂತ್ರ ಕೆಲಸ ಮಾಡುತ್ತದೆ, ಇನ್ನೊಂದು ತಯಾರಾಗಿ ನಿಂತಿರುತ್ತದೆ. ಮೇಲೆ ಓಡುವುದು ಅದೇ ಹಳೆಯ ಎನ್‌ಎಫ್‌ಎಸ್ ಅಥವಾ ಸಾಂಬಾ. ಮೊದಲನೆಯದು ಬಿದ್ದರೆ ಪೇಸ್‌ಮೇಕರ್ ಅನ್ನುವ ಕಾವಲು ಸಾಫ್ಟ್‌ವೇರ್ ಎರಡನೆಯದನ್ನು ಎಬ್ಬಿಸುತ್ತದೆ. ಎನ್‌ಎಫ್‌ಎಸ್ 4 ಆದರೆ ಹಳೆಯ ಬೀಗಗಳನ್ನು ವಾಪಸ್ ಪಡೆಯಲು 90 ಸೆಕೆಂಡಿನವರೆಗೆ ಸಮಯ ಕೊಡುತ್ತದೆ, ಅಷ್ಟು ಹೊತ್ತು ಹೊಸ ಬೀಗ ಸಿಗದು. ಬಳಸುವವರಿಗೆ ಒಂದೆರಡು ನಿಮಿಷ ಎಲ್ಲ ನಿಂತಂತೆ ಅನ್ನಿಸುತ್ತದೆ, ಆಮೇಲೆ ಹರಿಯುತ್ತದೆ.

ಒಂದು ತಪ್ಪನ್ನು ಮಾತ್ರ ಯಾರೂ ಮಾಡಬೇಡಿ. ದೂರದ ಡಿಸ್ಕನ್ನು ನೆಟ್‌ವರ್ಕ್‌ನಲ್ಲಿ ಜೋಡಿಸುವ ಐಸ್ಕಸಿ ಮೂಲಕ ಒಂದೇ ಡಿಸ್ಕನ್ನು ಎರಡು ಸರ್ವರ್‌ಗಳಿಗೆ ಜೋಡಿಸಿ ಎರಡರಲ್ಲೂ ಎಕ್ಸ್‌ಟ್4 ಅಥವಾ ಎಕ್ಸ್‌ಎಫ್‌ಎಸ್ ಮೌಂಟ್ ಮಾಡುವುದು. ಮೌಂಟ್ ಆಗುತ್ತದೆ, ಫೈಲುಗಳು ಕಾಣುತ್ತವೆ, ಸರಿಯಾಗಿದೆ ಅನ್ನಿಸುತ್ತದೆ. ಆದರೆ ಈ ಫೈಲ್ ಸಿಸ್ಟಂಗಳು ಡಿಸ್ಕಿಗೆ ತಾನೊಬ್ಬನೇ ಒಡೆಯ ಅಂದುಕೊಂಡು ಬರೆಯುತ್ತವೆ. ಖಾಲಿ ಜಾಗ ಯಾವುದು ಅನ್ನುವ ಲೆಕ್ಕ ಎರಡು ಯಂತ್ರಗಳ ನೆನಪಿನಲ್ಲಿ ಎರಡು ಥರ ಇರುತ್ತದೆ. ಒಂದರ ಮೇಲೊಂದು ಬರೆದು ಇಡೀ ಡಿಸ್ಕ್ ಹಾಳಾಗುತ್ತದೆ. ಹಾಗೆ ಹಂಚಲೇಬೇಕಾದರೆ ಅದಕ್ಕೆಂದೇ ಮಾಡಿದ ಜಿಎಫ್‌ಎಸ್2 ಅಥವಾ ಒಸಿಎಫ್‌ಎಸ್2 ಬೇಕು.

ಗ್ಲಸ್ಟರ್‌ಎಫ್‌ಎಸ್ ಒಂದು ಕಾಲದಲ್ಲಿ ಈ ಮನೆಗೆ ಸುಲಭದ ಬಾಗಿಲಾಗಿತ್ತು. ರೆಡ್ ಹ್ಯಾಟ್ 2011ರಲ್ಲಿ ಅದನ್ನು ಮಾಡಿದ ಕಂಪನಿಯನ್ನು ಕೊಂಡುಕೊಂಡಿತು. ಅದೇ ರೆಡ್ ಹ್ಯಾಟ್‌ನ ಗ್ಲಸ್ಟರ್ ಉತ್ಪನ್ನದ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗಾಗಲೇ ಓಡುತ್ತಿದ್ದರೆ ಹೆದರಿ ಕಿತ್ತುಹಾಕಬೇಕಾಗಿಲ್ಲ, ಆದರೆ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳಲಾರೆ. ಸಣ್ಣಸಣ್ಣ ಫೈಲುಗಳು ಲಕ್ಷಗಟ್ಟಲೆ ಇದ್ದರೆ ಅದು ಮೊದಲಿನಿಂದಲೂ ನಿಧಾನ.

ಉಳಿಯುವುದು ಸೆಫ್. ಸೇಜ್ ವೈಲ್ ಅವರ ಸಂಶೋಧನೆಯಿಂದ ಬಂದದ್ದು. ಅದರ ಫೈಲ್ ಸಿಸ್ಟಂ ಆದ ಸೆಫ್‌ಎಫ್‌ಎಸ್ 2016ರ ಜುವೆಲ್ ಆವೃತ್ತಿಯಲ್ಲಿ ಸ್ಥಿರ ಅನ್ನಿಸಿಕೊಂಡಿತು. ಶಕ್ತಿಯಲ್ಲಿ ಇದಕ್ಕೆ ಸಾಟಿ ಕಡಿಮೆ. ಆದರೆ ಎಷ್ಟು ಕೇಳುತ್ತದೆ ಅನ್ನುವುದನ್ನು ಒಂದು ಲೆಕ್ಕದಲ್ಲಿ ನೋಡಿ. 3 ಸರ್ವರ್, ಒಂದೊಂದರಲ್ಲಿ 12 ಟಿಬಿ, ಒಟ್ಟು 36 ಟಿಬಿ. ಮಾಮೂಲಿಯಾಗಿ ಪ್ರತಿ ಫೈಲಿಗೆ 3 ಪ್ರತಿ ಇಡುವುದರಿಂದ ಉಳಿದದ್ದು 12 ಟಿಬಿ. 85 ಶೇಕಡಾ ತುಂಬಿದಾಗ ಎಚ್ಚರಿಕೆ ಬರುತ್ತದೆ, 95 ಶೇಕಡಾಕ್ಕೆ ಬರೆಯುವುದೇ ನಿಲ್ಲುತ್ತದೆ. ಅಲ್ಲಿಗೆ ನೆಮ್ಮದಿಯಿಂದ ಬಳಸಬಹುದಾದದ್ದು ಸುಮಾರು 10 ಟಿಬಿ. ಒಂದು ಸರ್ವರ್ ಸತ್ತರೆ ಕೆಲಸ ನಡೆಯುತ್ತದೆ, ಆದರೆ ಮೂರನೇ ಪ್ರತಿ ಇಡಲು ಬೇರೆ ಯಂತ್ರ ಇಲ್ಲದ್ದರಿಂದ ಅದು ವಾಸಿಯಾಗದೆ ಹಾಗೇ ಕಾಯುತ್ತದೆ. ಅದಕ್ಕೇ 4 ಸರ್ವರ್ ಇದ್ದರೆ ಒಳ್ಳೆಯದು. ಒಂದೊಂದು ಡಿಸ್ಕಿನ ಸೇವೆಗೂ ಸುಮಾರು 4 ಜಿಬಿ ರ್‍ಯಾಮ್ ಲೆಕ್ಕ ಹಿಡಿಯಬೇಕು. ಬರೆದದ್ದು ಮೊದಲ ಯಂತ್ರಕ್ಕೆ ಹೋಗಿ, ಅಲ್ಲಿಂದ ಇನ್ನೆರಡಕ್ಕೆ ಹೋಗುವುದರಿಂದ 1 ಗಿಗಾಬಿಟ್ ನೆಟ್‌ವರ್ಕ್ ಏದುಸಿರು ಬಿಡುತ್ತದೆ, 10 ಗಿಗಾಬಿಟ್ ಬೇಕು. ಎಲ್ಲಕ್ಕಿಂತ ದೊಡ್ಡ ಖರ್ಚು ಮನುಷ್ಯರದ್ದು. ರಾತ್ರಿ ಅದು ಕೆಂಪು ದೀಪ ತೋರಿಸಿದಾಗ ಅರ್ಥ ಮಾಡಿಕೊಳ್ಳಬಲ್ಲವರು ಕನಿಷ್ಠ ಇಬ್ಬರಾದರೂ ತಂಡದಲ್ಲಿರಬೇಕು. ಒಬ್ಬರೇ ಇದ್ದರೆ ಅವರು ರಜೆ ಹಾಕುವಂತಿಲ್ಲ.

ಫೋಲ್ಡರೇ ಬೇಕಾ?

ಎಷ್ಟೋ ಸಲ ಈ ಪ್ರಶ್ನೆ ಬರುವುದು ವೆಬ್ ಸರ್ವರ್‌ಗಳಿಂದ. ಬರುವ ಜನರನ್ನು ಹಂಚಿ ಕಳಿಸುವ ಲೋಡ್ ಬ್ಯಾಲೆನ್ಸರ್ ಹಿಂದೆ ನಾಲ್ಕು ಸರ್ವರ್ ಇವೆ, ಜನ ಹಾಕಿದ ಫೋಟೋ ನಾಲ್ಕಕ್ಕೂ ಕಾಣಬೇಕು. ಅದಕ್ಕೆ ಫೋಲ್ಡರ್ ಹಂಚಿಕೊಳ್ಳುವ ಗೋಜೇ ಬೇಡ. ಆಬ್ಜೆಕ್ಟ್ ಸ್ಟೋರೇಜ್ ಬಳಸಿ, ಅಂದರೆ ಒಂದೊಂದು ಫೈಲಿಗೂ ಒಂದು ಹೆಸರು ಕೊಟ್ಟು ಇಡಿಯಾಗಿ ಇಡುವ, ಇಡಿಯಾಗಿ ತೆಗೆಯುವ ಜಾಗ. ಅಮೆಜಾನ್ 2006ರಲ್ಲಿ ಎಸ್3 ಶುರು ಮಾಡಿದ ಮೇಲೆ ಅದೇ ಭಾಷೆ ಮಾತಾಡುವ ಬೇರೆ ಸಾಫ್ಟ್‌ವೇರ್‌ಗಳೂ ಬಂದಿವೆ, ಸೆಫ್ ಕೂಡ ಆ ಭಾಷೆ ಮಾತಾಡುತ್ತದೆ. ಅಪ್ಲಿಕೇಷನ್‌ನಲ್ಲಿ ಸ್ವಲ್ಪ ಕೋಡ್ ಬದಲಿಸಬೇಕು, ಆಮೇಲೆ ನೆಮ್ಮದಿ.

ಆದರೆ ಅದನ್ನು ಫೋಲ್ಡರಿನಂತೆ ಮೌಂಟ್ ಮಾಡಿ ಕಚೇರಿಯ ಫೈಲ್ ಇಡಬೇಡಿ. ಅಲ್ಲಿ ಬೀಗ ಇಲ್ಲ. ಫೈಲಿನ ಮಧ್ಯದ ಒಂದು ಸಾಲು ತಿದ್ದಿದರೂ ಸಾಮಾನ್ಯವಾಗಿ ಇಡೀ ಫೈಲನ್ನು ಮತ್ತೆ ಕಳಿಸಬೇಕು. ಫೋಲ್ಡರಿನ ಹೆಸರು ಬದಲಿಸಿದರೆ ಒಳಗಿನ ಪ್ರತಿಯೊಂದನ್ನೂ ನಕಲು ಮಾಡಿ ಹಳೆಯದನ್ನು ಅಳಿಸಬೇಕು.

ಡೇಟಾಬೇಸ್ ಫೈಲುಗಳು ಈ ಯಾವುದಕ್ಕೂ ಸೇರುವುದಿಲ್ಲ. ಎಸ್‌ಕ್ಯುಲೈಟ್ ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಹಲವು ಯಂತ್ರಗಳಿಂದ ಬರೆಯಬೇಡಿ ಅಂತ ಅದನ್ನು ಮಾಡಿದವರೇ ಎಚ್ಚರಿಸಿದ್ದಾರೆ. ಹಂಚಿಕೊಳ್ಳಬೇಕಾದರೆ ಡೇಟಾಬೇಸ್ ಸರ್ವರ್ ಓಡಿಸಿ.

ಹಾಗಾದರೆ ನಾನು ಏನು ಆರಿಸುತ್ತೇನೆ?

ಒಂದೇ ಕಟ್ಟಡ, ನೂರರೊಳಗೆ ಜನ: ಒಂದು ಸರ್ವರ್, ಎಸ್‌ಎಂಬಿ ಅಥವಾ ಎನ್‌ಎಫ್‌ಎಸ್, ಮುಂದೆ ನೇಮ್‌ಸ್ಪೇಸ್, ಪಕ್ಕದಲ್ಲಿ ಆರ್‌ಸಿಂಕ್‌ನ ಪ್ರತಿ. ಜಾಗ ಸಾಲದೆ ಎರಡನೇ ಸರ್ವರ್ ಬಂದರೆ ಫೋಲ್ಡರ್‌ಗಳನ್ನು ಹಂಚಿ, ನೇಮ್‌ಸ್ಪೇಸ್ ಅದನ್ನು ಮುಚ್ಚಿಡುತ್ತದೆ. ನಿಲ್ಲಲೇಬಾರದು ಅಂದರೆ ಕೆಳಗೆ ಡಿಆರ್‌ಬಿಡಿ. ದೂರದ ಕಚೇರಿ ಬಂದರೆ ಒಂದು ದಿಕ್ಕಿನ ಪ್ರತಿ, ಇಬ್ಬರೂ ತಿದ್ದುವ ಕೆಲವೇ ಫೈಲುಗಳನ್ನು ಬೀಗ ಇರುವ ಒಂದೇ ಕಡೆ ಇಟ್ಟು ನಿಧಾನವನ್ನು ಸಹಿಸಿಕೊಳ್ಳುವುದು. ನೂರಾರು ಟಿಬಿ, ಬೆಳೆಯುತ್ತಲೇ ಇದೆ, ನೋಡಿಕೊಳ್ಳುವ ತಂಡವಿದೆ ಅಂದಾಗ ಮಾತ್ರ ಸೆಫ್.

ಯಾವುದನ್ನು ಆರಿಸಿದರೂ ಪ್ರತಿ ಬೇರೆ, ಬ್ಯಾಕಪ್ ಬೇರೆ. ರಾನ್ಸಮ್‌ವೇರ್ ಒಂದು ಸರ್ವರ್‌ನಲ್ಲಿ ಫೈಲ್ ಕೆಡಿಸಿದರೆ ಸಿಂಕ್ ಅದನ್ನು ಅಷ್ಟೇ ಶ್ರದ್ಧೆಯಿಂದ ಎಲ್ಲ ಕಡೆಗೂ ಹಂಚುತ್ತದೆ. ಮೂರು ಪ್ರತಿ ಇದ್ದರೆ ಮೂರೂ ಕೆಡುತ್ತವೆ. ದಿನಕ್ಕೆ ಹಲವು ಸಲ ಸ್ನ್ಯಾಪ್‌ಶಾಟ್ (ಆ ಕ್ಷಣಕ್ಕೆ ಫೈಲುಗಳು ಹೇಗಿದ್ದವೋ ಹಾಗೇ ಹಿಡಿದಿಟ್ಟ ಚಿತ್ರ) ತೆಗೆಯಿರಿ, ಝಡ್‌ಎಫ್‌ಎಸ್‌ನಲ್ಲಾಗಲಿ ವಿಂಡೋಸ್‌ನ ಶ್ಯಾಡೋ ಕಾಪಿಯಲ್ಲಾಗಲಿ. ಅದರ ಜೊತೆಗೆ ಈ ಯಾವ ಸರ್ವರ್‌ನ ಪಾಸ್‌ವರ್ಡ್‌ನಿಂದಲೂ ತೆರೆಯಲಾಗದ ಇನ್ನೊಂದು ಕಡೆ ಒಂದು ಬ್ಯಾಕಪ್ ಇರಲಿ.

ಜನರ ಕೈಗೆ ಕೊಡುವ ಮುಂಚೆ ಒಂದು ದಿನ ತೆಗೆದಿಟ್ಟು ಇದಕ್ಕೆ ಕಷ್ಟ ಕೊಡಿ. ದೊಡ್ಡ ಫೈಲ್ ನಕಲಾಗುತ್ತಿರುವಾಗ ನೆಟ್‌ವರ್ಕ್ ಕೇಬಲ್ ಕೀಳಿ, ಐದು ನಿಮಿಷ ಬಿಟ್ಟು ಹಾಕಿ, ಎರಡೂ ಕಡೆಯ ಫೈಲನ್ನು ಚೆಕ್‌ಸಮ್‌ನಿಂದ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತಿನಿಂದ) ಹೋಲಿಸಿ. ಒಂದೇ ಹಾಳೆಯನ್ನು ಎರಡು ಕಂಪ್ಯೂಟರ್‌ನಲ್ಲಿ ತೆರೆದು ಎರಡರಲ್ಲೂ ಸೇವ್ ಒತ್ತಿ, ತೆರೆಯ ಮೇಲೆ ಬಂದದ್ದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಡಿಸ್ಕನ್ನು ಪೂರ್ತಿ ತುಂಬಿಸಿ ನೋಡಿ. ಕೊನೆಗೆ ತಂಡದ ಒಬ್ಬರನ್ನು ಕರೆದು, ನಿಮಗೆ ಹೇಳದೆ ಯಾವುದಾದರೂ ಒಂದು ಫೈಲ್ ಅಳಿಸಲು ಹೇಳಿ. ಅವರು "ಮೊನ್ನೆ ಇದ್ದ ಫೈಲ್ ಇವತ್ತು ಕಾಣ್ತಿಲ್ಲ" ಅಂತ ಮಾತ್ರ ಹೇಳಬೇಕು. ಆ ಮಾತಿನಿಂದ ಶುರು ಮಾಡಿ ಫೈಲ್ ವಾಪಸ್ ತರಲು ಎಷ್ಟು ನಿಮಿಷ ಹಿಡಿಯಿತು ಅಂತ ಬರೆದು ಸರ್ವರ್ ಪೆಟ್ಟಿಗೆಯ ಮೇಲೆ ಅಂಟಿಸಿ.